ಕೊನೆಯ ಎರಡು ರೀಲು

ನನ್ನ ಸೋದರಮಾವನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಕಾರ್ಬನ್ ಎನ್ನುತ್ತಾರೆ. ಮೂವತ್ತೊಂಬತ್ತು ವರ್ಷ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ದುಡಿದವನು ಅವನು. ಮೊದಲ ಇಪ್ಪತ್ತು ವರ್ಷ ಯಂತ್ರದೊಳಗೆ ಕಾರ್ಬನ್ ಕಡ್ಡಿ ಉರಿಸಿಯೇ ಪರದೆಗೆ ಬೆಳಕು ಬಿಟ್ಟ. ಆ ಕಡ್ಡಿಯ ಕಪ್ಪು ಬೆರಳ ಸಂದಿಯಿಂದ ಪೂರ್ತಿ ಹೋಗಲೇ ಇಲ್ಲ, ಹೆಸರೂ ಹೋಗಲಿಲ್ಲ.

ಸಾವಿರಾರು ಸಿನಿಮಾ ತೋರಿಸಿದ್ದಾನೆ, ಒಂದನ್ನೂ ನೋಡಿಲ್ಲ. ಅಂಗೈಯಗಲದ ಕಿಂಡಿಯಿಂದ ಪರದೆಯ ಬಲಮೂಲೆಯನ್ನು ಮಾತ್ರ ನೋಡಿದವನು. ಯಂತ್ರದ ಗಡಗಡದಲ್ಲಿ ಮಾತು ಕೇಳುತ್ತಿರಲಿಲ್ಲ. ಸಿನಿಮಾ ಹೇಗಿದೆ ಎಂದು ಕೇಳಿದರೆ, "ಪ್ರಿಂಟು ಗಟ್ಟಿ ಇದೆ" ಅಥವಾ "ಫಿಲ್ಮಲ್ಲಿ ಜಾಯಿಂಟ್ ಜಾಸ್ತಿ" ಎನ್ನುತ್ತಿದ್ದ. ಅವನ ವಿಮರ್ಶೆ ಅಷ್ಟೇ. ಎಷ್ಟೋ ವಿಮರ್ಶಕರಿಗಿಂತ ವಾಸಿ ಎಂದು ನನಗೆ ಈಗ ಅನ್ನಿಸುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಒಂದು ಪ್ರಶ್ನೆಗೆ ಎರಡು ಉತ್ತರ ಬಂದರೆ ಒಂದರ ಮೇಲೆ ಕೆಂಪು ಗೀಟು ಎಳೆದು ನೆಮ್ಮದಿಯಾಗಿ ಊಟ ಮಾಡುವ ಜಾತಿ ನಮ್ಮದು. ಅಂಥವಳಿಗೆ ಈ ಮಾವನ ವಿಷಯದಲ್ಲಿ ತಲೆ ಚಿಟ್ಟು ಹಿಡಿದುಹೋಗಿದೆ. ಅವನು ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ಮೂರು ವಾರದಿಂದ ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಕೂತಿದ್ದೇನೆ.

ಶುರುವಾದದ್ದು ಒಂದು ಕರಪತ್ರದಿಂದ. ನಮ್ಮ ಊರಿಗೆ ಆರು ತಿಂಗಳ ಹಿಂದೆ ಬಂದು ನೆಲೆಸಿದ ನಿವೃತ್ತ ಪ್ರೊಫೆಸರರೊಬ್ಬರು ಒಂದು ಚಿತ್ರಸಂಘ ಕಟ್ಟಿದ್ದಾರೆ. ಐವತ್ತೆರಡು ವರ್ಷದ ಹಿಂದಿನ, ದೊಡ್ಡ ಹೆಸರಿನ ಒಂದು ಯುದ್ಧದ ಸಿನಿಮಾವನ್ನು ಭಾನುವಾರ ಮಧ್ಯಾಹ್ನ ಪುರಭವನದ ಹಾಲಿನಲ್ಲಿ ತೋರಿಸುತ್ತೇವೆ ಎಂದು ಮನೆಮನೆಗೂ ಚೀಟಿ ಹಂಚಿದರು. ಅದರ ಮೂಲ ಪ್ರತಿ ಯಾವುದೋ ಕೋರ್ಟು ವ್ಯಾಜ್ಯದಲ್ಲಿ ಸಿಕ್ಕಿಬಿದ್ದು, ಟೀವಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಬಾರದೆ ಇಷ್ಟು ಕಾಲ ಕೊಳೆಯುತ್ತಿತ್ತಂತೆ. ಈಗ ತೊಳೆದು ತಿದ್ದಿ ಹೊಸದು ಮಾಡಿದ್ದಾರಂತೆ. ಚೀಟಿಯ ಕೊನೆಯಲ್ಲಿ ಪ್ರೊಫೆಸರರು ಹೀಗೆ ಬರೆದಿದ್ದರು: 'ನಾಯಕನನ್ನು ಕೊನೆಯ ದೃಶ್ಯದಲ್ಲಿ ನಿರ್ದಯವಾಗಿ ಸಾಯಿಸುವ ಧೈರ್ಯದಿಂದಲೇ ಈ ಚಿತ್ರ ಮಹಾನ್ ಚಿತ್ರವಾಗಿದೆ.'

ಊರಿನಲ್ಲಿ ಗಲಾಟೆಯೇ ಎದ್ದಿತು. ಏಕೆಂದರೆ ನಮ್ಮೂರಿನಲ್ಲಿ ಅರವತ್ತು ದಾಟಿದ ಯಾರನ್ನೇ ಕೇಳಿ, ಆ ಸಿನಿಮಾದ ನಾಯಕ ಸಾಯುವುದಿಲ್ಲ. ಶೆಲ್ ಬೀಳುತ್ತದೆ, ಹೊಗೆ ಏಳುತ್ತದೆ, ಅವನ ಹೆಲ್ಮೆಟ್ಟು ಉರುಳಿಕೊಂಡು ಬಂದು ನಿಲ್ಲುತ್ತದೆ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅವನು ರೈಲಿನಿಂದ ಇಳಿಯುತ್ತಾನೆ. ನಡೆದು ಮನೆಗೆ ಬರುತ್ತಾನೆ, ಬಾಗಿಲು ತಟ್ಟುತ್ತಾನೆ, ಹೆಂಡತಿ ತೆರೆಯುತ್ತಾಳೆ. ಬೂಟು ಬಿಚ್ಚಿ ಮಲಗಿ ನಿದ್ದೆಹೋಗುತ್ತಾನೆ. ಸಮಾಪ್ತಿ. ಹದಿನಾಲ್ಕು ವಾರ ಓಡಿತ್ತು. ನಮ್ಮೂರಿನಲ್ಲಿ ಅದು ಮಹಾನ್ ಚಿತ್ರವಾದದ್ದು ಅವನು ಮನೆಗೆ ಬಂದದ್ದಕ್ಕೆ.

ಕ್ಷೌರದಂಗಡಿಯವನಂತೂ ಪ್ರೊಫೆಸರರ ಅರ್ಧ ಮುಖಕ್ಕೆ ಸೋಪು ಹಚ್ಚಿ ಕತ್ತಿ ಹಿಡಿದೇ ಜಗಳಕ್ಕಿಳಿದನಂತೆ.

"ಸಾರ್, ನಾನು ಏಳು ಸಲ ನೋಡಿದೀನಿ. ನೀವು ಕೊನೇಲಿ ಎದ್ದು ಹೋಗಿರ್ತೀರ."

"ಏನಪ್ಪಾ, ನಾನು ಅದರ ಮೇಲೆ ಪುಸ್ತಕ ಬರ್ದಿದೀನಿ."

"ಪುಸ್ತಕ ಬರ್ಯೋ ಆತುರದಲ್ಲೇ ಎದ್ದು ಹೋಗಿರ್ತೀರ ಅಂತ ನಾನು ಹೇಳ್ತಿರೋದು."

ಮುಂಚೆಯೂ ಒಬ್ಬಿಬ್ಬರು ಬೇರೆ ಊರಿನಲ್ಲಿ ನೋಡಿಬಂದು ಅವನು ಸಾಯುತ್ತಾನೆ ಎಂದು ಹೇಳಿದ್ದುಂಟು. ಊರಿನವರು ಅವರನ್ನು ಸುಳ್ಳುಬುರುಕರ ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದರು. ಈಗ ಪ್ರೊಫೆಸರರು ಪುಸ್ತಕವನ್ನೇ ತಂದು ತೋರಿಸಿದರು. ಅದರಲ್ಲಿ ಅಚ್ಚಾಗಿತ್ತು: ರಜೆಯ ಮೇಲೆ ಮನೆಗೆ ಬರುವುದು ಹದಿಮೂರನೆಯ ರೀಲು, ಸಾಯುವುದು ಹದಿನಾಲ್ಕನೆಯದು.

ಸಿನಿಮಾ ಏನಾದರೂ ಆಗಲಿ ಎಂದು ಬಿಡಬಹುದಿತ್ತು, ನಮ್ಮ ಮನೆಯ ವಿಷಯ ಬೇರೆ.

ನನ್ನ ಅಪ್ಪ ಸೈನ್ಯದಲ್ಲಿದ್ದವರು. ನನಗೆ ಎರಡು ವರ್ಷವಿದ್ದಾಗ ಗಡಿಯ ಯುದ್ಧದಲ್ಲಿ ಕಾಣೆಯಾದರು. ಸತ್ತರು ಎಂದು ಯಾರೂ ಹೇಳಲಿಲ್ಲ, ಕಾಣೆಯಾಗಿದ್ದಾರೆ ಎಂದು ತಂತಿ ಬಂತು. ಯುದ್ಧ ಮುಗಿದು ವರ್ಷಗಳಾದ ಮೇಲೆ, ಇನ್ನು ಅವರು ಇಲ್ಲವೆಂದು ಒಪ್ಪಿ ಸಹಿ ಮಾಡಿ ಎಂದು ಕಚೇರಿಯಿಂದ ಕಾಗದ ಬಂತು. ಅಮ್ಮ ಮಾಡಲಿಲ್ಲ. ಮತ್ತೆ ಬಂತು, ಮತ್ತೆ ಮಾಡಲಿಲ್ಲ. ಯಾರಾದರೂ ಬುದ್ಧಿ ಹೇಳಲು ಬಂದರೆ ಅವಳದು ಕಡ್ಡಿ ಮುರಿದಂಥ ಒಂದೇ ಮಾತು: "ಹೊಗೆ ಎದ್ದ ಮಾತ್ರಕ್ಕೆ ಸತ್ತುಹೋದ ಅಂತಾನಾ? ಸಿನಿಮಾದಲ್ಲಿ ನೋಡ್ಲಿಲ್ವಾ ನೀವು?"

ಅಪ್ಪನಿಗೆ ಗೊತ್ತಿದ್ದ ವಿಳಾಸ ಅದೊಂದೇ ಎಂದು ನಾವು ಮನೆ ಬದಲಾಯಿಸಲಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಬೆಳಿಗ್ಗೆ ಎಂಟಕ್ಕೆ ಗಿರಣಿ ಶುರುವಾದರೆ ನೆಲ, ಪಾತ್ರೆ, ನನ್ನ ಪುಸ್ತಕ ಎಲ್ಲವೂ ನಡುಗುತ್ತಿದ್ದವು. ಹಾಸಿಗೆ ಕೊಡವಿದರೆ ಹಿಟ್ಟು ಹಾರುತ್ತಿತ್ತು. ನಾನು ಸೀನುತ್ತಲೇ ಬೆಳೆದೆ, ಇವತ್ತಿಗೂ ಬೆಳಿಗ್ಗೆ ಹತ್ತು ಸೀನು ಸೀನದೆ ನನ್ನ ದಿನ ಶುರುವಾಗುವುದಿಲ್ಲ. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಅಮ್ಮನನ್ನು ಮದುವೆಯಾಗಲು ಕೇಳಿದ್ದರು. ಬಂದಾಗಲೆಲ್ಲ ನನಗೊಂದು ಪೆನ್ಸಿಲ್ ತರುತ್ತಿದ್ದರು. ಅವರನ್ನು ಅಪ್ಪ ಎಂದು ಕರೆಯುವುದನ್ನು ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ಅಮ್ಮ, "ನನ್ನ ಗಂಡ ಬರ್ತಾರೆ, ನೀವು ಹೋಗಿ" ಎಂದಳು. ಅವರು ವರ್ಗ ಮಾಡಿಸಿಕೊಂಡು ಹೋದರು.

ಅವಳ ಐವತ್ತೆರಡು ವರ್ಷ ನಿಂತಿರುವುದು ಆ ಸಿನಿಮಾದ ಕೊನೆಯ ಹತ್ತು ನಿಮಿಷದ ಮೇಲೆ. ಚೀಟಿಯ ಕೊನೆಯ ಸಾಲನ್ನು ಅಚ್ಚಿನ ತಪ್ಪು ಎಂದು ನಕ್ಕು, ಭಾನುವಾರ ಅದನ್ನು ಮತ್ತೆ ನೋಡಬೇಕೆಂದು ಸೀರೆ ಇಸ್ತ್ರಿಗೆ ಕೊಟ್ಟು ಬೇರೆ ಬಂದಿದ್ದಳು. ಈ ಪ್ರೊಫೆಸರರ ಪುಸ್ತಕ ನಿಜವಾಗಿದ್ದರೆ ಗತಿ ಏನು ಎಂದು ನೆಟ್ಟಗೆ ಮಾವನ ಮನೆಗೆ ಹೋದೆ. ಅವನು ವರಾಂಡದಲ್ಲಿ ಯಾರದೋ ಟೇಬಲ್ ಫ್ಯಾನು ಬಿಚ್ಚಿ ಹರಡಿಕೊಂಡಿದ್ದ.

"ಮಾವ, ಆ ಸಿನಿಮಾದಲ್ಲಿ ಅವನು ಸಾಯ್ತಾನಾ ಬದುಕ್ತಾನಾ?"

"ನಾನೆಲ್ಲಿ ಸಿನಿಮಾ ನೋಡಿದೀನಿ? ಚುಕ್ಕೆ ನೋಡ್ತಿದ್ದೆ."

"ಜಾರ್ಕೋಬೇಡ. ಮೊದಲು ಯಾವ ರೀಲು, ಆಮೇಲೆ ಯಾವ ರೀಲು?"

ಮಾವ ಫ್ಯಾನಿನ ಸ್ಕ್ರೂ ಒಂದನ್ನು ಬಿಗಿ ಮಾಡಿದ, ಅದನ್ನೇ ಸಡಿಲ ಮಾಡಿದ, ಮತ್ತೆ ಬಿಗಿ ಮಾಡಿದ. ಆಮೇಲೆ ಹೇಳಿದ.

ಆಗ ಸಿನಿಮಾ ತಗಡಿನ ಡಬ್ಬಿಗಳಲ್ಲಿ ಬರುತ್ತಿತ್ತು, ಹತ್ತು ನಿಮಿಷಕ್ಕೊಂದು ರೀಲಿನಂತೆ. ಕೋಣೆಯಲ್ಲಿ ಎರಡು ಯಂತ್ರ. ಒಂದು ಓಡುತ್ತಿರುವಾಗ ಇನ್ನೊಂದಕ್ಕೆ ಮುಂದಿನ ರೀಲು ಹಾಕಿ, ಕಡ್ಡಿ ಹೊತ್ತಿಸಿ ಕಾಯಬೇಕು. ರೀಲು ಮುಗಿಯುವ ಮುಂಚೆ ಪರದೆಯ ಬಲಮೂಲೆಯಲ್ಲಿ ಚುಕ್ಕೆ ಮಿಂಚುತ್ತದೆ. ಅದನ್ನು ಕಂಡ ತಕ್ಷಣ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಮಾವನಿಗೆ ಆಗ ಇಪ್ಪತ್ತೆರಡು ವರ್ಷ. ಅಪ್ಪನ ತಂತಿ ಬಂದು ಮೂರು ತಿಂಗಳಾಗಿತ್ತು. ಅಮ್ಮ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ನನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ, ಗೋಡೆ ನೋಡುತ್ತ ಕೂತಿರುತ್ತಿದ್ದಳಂತೆ. ಅಕ್ಕನಿಗೆ ಸ್ವಲ್ಪ ಮನಸ್ಸು ಬದಲಾಗಲಿ ಎಂದು ಈ ಮಹಾನುಭಾವ ಹೊಸ ಸಿನಿಮಾದ ಮೊದಲ ದಿನದ ಆಟಕ್ಕೆ ಕರೆದುಕೊಂಡುಹೋಗಿ ಬಾಲ್ಕನಿಯಲ್ಲಿ ಕೂರಿಸಿದ್ದ. ಡಬ್ಬಿಗಳು ತಡವಾಗಿ ಬಂದು ಅವತ್ತು ಆದದ್ದು ಅದೊಂದೇ ಆಟ.

"ಯುದ್ಧದಲ್ಲಿ ಗಂಡ ಕಾಣೆಯಾದವಳನ್ನ ಯುದ್ಧದ ಸಿನಿಮಾಗೆ ಕರ್ಕೊಂಡು ಹೋದ್ಯಾ? ತಲೇಲಿ ಏನಿತ್ತು ನಿಂಗೆ?"

"ಪೋಸ್ಟರಲ್ಲಿ ಹಾಡು ಹೇಳ್ತಿದ್ರು ಕಣೇ," ಎಂದ ಮಾವ, ಇನ್ನೂ ಆ ಪೋಸ್ಟರಿನ ಮೇಲೆ ಸಿಟ್ಟಿರುವವನ ಹಾಗೆ.

ನಮಗಿಂತ ಮುಂಚೆ ಆ ಪ್ರಿಂಟು ಓಡಿಸಿದ ಊರಿನ ಟಾಕೀಸಿನವರು ಕೊನೆಯ ಎರಡು ರೀಲುಗಳನ್ನು ಅದಲುಬದಲಾಗಿ ಡಬ್ಬಿಗೆ ತುಂಬಿ ಕಳಿಸಿದ್ದರು. ರೀಲಿನ ತುದಿಯಲ್ಲೇ ನಂಬರ್ ಇರುತ್ತದೆ, ಪ್ರತಿಯೊಂದನ್ನೂ ನೋಡಿಯೇ ಹಾಕಬೇಕು. ಮಾವ ಅವತ್ತು ಕಿಂಡಿಯಿಂದ ಅಕ್ಕನನ್ನೇ ನೋಡುವುದರಲ್ಲಿದ್ದ, ಡಬ್ಬಿಯ ಮೇಲಿನ ನಂಬರನ್ನೇ ನಂಬಿದ. ಹನ್ನೆರಡು ಮುಗಿಯಿತು, ಹದಿಮೂರು ಎಂದು ಹಾಕಿದ್ದು ಓಡಿತು. ಶೆಲ್ ಬಿತ್ತು, ಹೊಗೆ ಎದ್ದಿತು, ಹೆಲ್ಮೆಟ್ಟು ಉರುಳಿತು. ಚುಕ್ಕೆ ಬರಬೇಕಾದ ಕಡೆ 'ಸಮಾಪ್ತಿ' ಬಂತು.

"ನಂಗೆ ಒಂದೂ ಅರ್ಥ ಆಗ್ಲಿಲ್ಲ. ಕೈಯಲ್ಲಿ ಇನ್ನೂ ಒಂದು ರೀಲಿದೆ, ಕೆಳಗೆ ಜನ ಏಳ್ತಿದಾರೆ. ನಿಮ್ಮಮ್ಮ ಎದ್ದು ನಿಂತು, ನನ್ನ ಕಿಂಡಿ ಕಡೆ ತಿರುಗಿ ಸೀಟು ಹಿಡ್ಕೊಂಡಿದ್ಲು. ಅವಳ ಮುಖ ಹೇಗಿತ್ತು ಅಂದ್ರೆ... ಬೇಡ ಬಿಡು. ಇನ್ನೊಂದು ಯಂತ್ರ ಉರೀತಾ ಇತ್ತು. ಕೈ ತಾನಾಗೇ ಒತ್ತಿಬಿಡ್ತು."

ಪರದೆಯ ಮೇಲೆ ಸತ್ತವನು ರೈಲಿನಿಂದ ಇಳಿದ. ಹೊರಟವರು ಬಾಗಿಲಲ್ಲೇ ನಿಂತರಂತೆ. ಯಾರೋ ಶಿಳ್ಳೆ ಹೊಡೆದರು. ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಮತ್ತೆ ಬಂದು ಕೂತರು. ಅವನು ಬಾಗಿಲು ತಟ್ಟಿದಾಗ ಇಡೀ ಟಾಕೀಸು ಕಿತ್ತುಹೋಗುವ ಹಾಗೆ ಚಪ್ಪಾಳೆ. ಅವನು ಮಲಗಿದ್ದೇ ತಡ, ಮಾವ ರೀಲನ್ನು ಪೂರ್ತಿ ಓಡಲು ಬಿಡದೆ ಯಂತ್ರ ಮುಚ್ಚಿದ. ಅವತ್ತು ಮನೆಗೆ ಬಂದು ಅಮ್ಮ ಎರಡು ಸಲ ಬಡಿಸಿಕೊಂಡು ಊಟ ಮಾಡಿದಳಂತೆ. ನನ್ನನ್ನು ಎತ್ತಿಕೊಂಡು, "ನಿಮ್ಮಪ್ಪ ಬರ್ತಾರೆ ಕಣೇ" ಎಂದಳಂತೆ.

"ಸರಿ, ಅದು ತಪ್ಪು. ಮಾರನೇ ದಿನ?"

ಮಾವ ಫ್ಯಾನಿನ ರೆಕ್ಕೆ ಒರೆಸತೊಡಗಿದ. ನಾನು ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟ. ಮಾರನೆಯ ದಿನ ಬೆಳಿಗ್ಗೆ ಕೋಣೆಯಲ್ಲಿ ಒಬ್ಬನೇ ಕೂತು, 'ಸಮಾಪ್ತಿ' ಇದ್ದ ನಾಲ್ಕಡಿ ಫಿಲ್ಮನ್ನು ಕತ್ತರಿಸಿ ಹದಿಮೂರನೆಯದರ ಬಾಲಕ್ಕೆ ಅಂಟಿಸಿದ. ಆ ರೀಲಿನ ತುದಿಯಲ್ಲಿ ನಾಯಕ ಎದ್ದು ಮತ್ತೆ ಬೂಟು ಕಟ್ಟಿಕೊಂಡು ಹೊರಡುವ ತುಣುಕೊಂದಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟ. ಅಕ್ಕ ಅವತ್ತೂ ಬರುತ್ತೇನೆ ಎಂದಿದ್ದಳು.

"ಹದಿನಾಲ್ಕು ವಾರ?"

"ಹದಿನಾಲ್ಕು ವಾರ. ಮಾಲೀಕರು ಪೆಟ್ಟಿಗೆ ತುಂಬ್ತಿದೆ ಅಂತ ಖುಷಿಯಾಗಿದ್ರು, ಏನೂ ಕೇಳ್ಲಿಲ್ಲ. ಪ್ರಿಂಟು ವಾಪಸು ಕಳಿಸೋವಾಗ ಎಲ್ಲ ಮೊದಲಿನ ಹಾಗೇ ಅಂಟಿಸಿ ಕಳಿಸಿದೆ. ನಾನೇನು ಕಳ್ಳ ಅಲ್ಲ."

ನನಗೆ ಬಂದ ಸಿಟ್ಟಿಗೆ ಫ್ಯಾನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಗಿರಣಿಯ ಹಿಟ್ಟು, ಪೆನ್ಸಿಲ್ಲಿನ ಗುಮಾಸ್ತರು, ಅಮ್ಮನ ಪೂರಾ ಯೌವನ, ಎಲ್ಲ ಹೋದದ್ದು ನಾಲ್ಕಡಿ ಫಿಲ್ಮಿಗೆ. ಹಾಗೆಂದು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಆ ಆಟ ಸರಿಯಾಗಿ ಬಿಟ್ಟಿದ್ರೆ ಅವಳು ಆ ವಾರ ಬದುಕಿರ್ತಿದ್ಲಾ, ನೀನೇ ಹೇಳು. ನೀನು ಅವಳ ಮುಖ ನೋಡಿಲ್ಲ."

ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದೆ. ಕೆಂಪು ಪೆನ್ನು ನಿಂತದ್ದೂ ಅಲ್ಲೇ.

ಭಾನುವಾರದವರೆಗೆ ಮೂರು ದಿನ ಉಳಿದಿತ್ತು. ಅಮ್ಮನಿಗೆ ಮೊದಲೇ ಹೇಳಿಬಿಡು ಎಂದು ನಾನು ಮಾವನಿಗೆ, ನೀನೇ ಹೇಳು ಎಂದು ಮಾವ ನನಗೆ. "ನೀನು ಅಂಟಿಸಿದ್ದು, ನೀನೇ ಬಿಚ್ಚು" ಎಂದೆ. ಅವನು ಮೂರು ಸಲ ಹೇಳಲೆಂದೇ ನಮ್ಮ ಮನೆಗೆ ಬಂದು, ಮೂರು ಸಲವೂ ಟೀ ಕುಡಿದು, ನಮ್ಮ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಸರಿಮಾಡಿ ವಾಪಸು ಹೋದ. ಮೂರನೆಯ ಸಲ ನಾನು ಬಾಗಿಲ ಸಂದಿಯಿಂದ ಕಣ್ಣಲ್ಲೇ ತಿವಿದೆ. ಅವನು ಗಂಟಲು ಸರಿಮಾಡಿಕೊಂಡು, "ಅಕ್ಕ, ಆ ಹಾಲಲ್ಲಿ ಏಸಿ ಜೋರು, ನಿಂಗೆ ಶೀತ ಆಗತ್ತೆ" ಎಂದ. ಅಮ್ಮ, "ಶಾಲು ಹೊದ್ಕೋತೀನಿ" ಎಂದಳು. ಅಲ್ಲಿಗೆ ಮುಗಿಯಿತು.

ನಾನೂ ಹೇಳಲಿಲ್ಲ. ಮಾವನನ್ನು ಹೇಡಿ ಎನ್ನುವಾಗ ನನ್ನನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಶನಿವಾರ ಅವಳ ತಲೆ ಬಾಚುತ್ತ, "ಅಮ್ಮ, ಆ ಸಿನಿಮಾ ಬೇರೆ ಥರ ಇದ್ರೆ?" ಎಂದೆ. "ಬೇರೆ ಥರ ಅಂದ್ರೆ? ಕಲರ್ ಮಾಡಿದಾರಾ?" ಎಂದು ಅವಳು ಸಂಭ್ರಮದಿಂದ ತಿರುಗಿದಳು. ಬಾಚಣಿಗೆ ಸಿಕ್ಕಿಕೊಂಡಿತು, ಮಾತು ಅಲ್ಲೇ ನಿಂತಿತು.

ಹಾಲ್ ತುಂಬಿತ್ತು. ಊರಿನ ಹಳಬರೆಲ್ಲ ಪ್ರೊಫೆಸರರ ಮುಖ ಬಾಡುವುದನ್ನು ನೋಡಲೆಂದೇ ಬಂದಿದ್ದರು. ಮಾವ, ಅಮ್ಮ, ನಾನು ಒಂದೇ ಸಾಲಿನಲ್ಲಿ, ಅಮ್ಮ ನಡುವೆ. ಮಾವ ಜೀವಮಾನದಲ್ಲೇ ಮೊದಲ ಸಲ ಸಿನಿಮಾವನ್ನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಹಳೆಯ ಚಾಳಿ, ಹತ್ತು ನಿಮಿಷಕ್ಕೊಮ್ಮೆ ಅವನ ಬಲಗೈ ತಾನಾಗಿ ಏಳುತ್ತಿತ್ತು.

ಸಿನಿಮಾ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ, ಅನುಮಾನ ಇಟ್ಟುಕೊಂಡೇ ಒಪ್ಪಿಕೊಳ್ಳುತ್ತೇನೆ. ಗುಂಡಿನ ಸದ್ದು ಜಾಸ್ತಿಯಾಯಿತು, ಹಾಡು ಎರಡು ಹೆಚ್ಚಾಯಿತು. ಸೈನಿಕರು ಸಾಯುವ ಮುನ್ನ ಉದ್ದುದ್ದ ಮಾತಾಡುತ್ತಾರೆ. ಆದರೆ ನೀರಿನ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಯಾರೂ ಕುಡಿಯದ ಒಂದು ದೃಶ್ಯವಿದೆ. ಅಲ್ಲಿ ನಾನೂ ಅನುಮಾನ ಮರೆತು ನೋಡಿದೆ. ಆಮೇಲೆ ರೈಲು ಬಂತು.

"ಇಷ್ಟು ಬೇಗ ಬಂದುಬಿಟ್ನಾ?" ಎಂದಳು ಅಮ್ಮ, ಮೆಲ್ಲಗೆ.

ಅವನು ಬಾಗಿಲು ತಟ್ಟಿದ. ಹಳಬರು ಚಪ್ಪಾಳೆ ತಟ್ಟಿದರು, ಅರ್ಧಕ್ಕೇ ನಿಲ್ಲಿಸಿದರು. ಅವನು ಮಲಗಿದ, ಎದ್ದ, ಬೂಟು ಕಟ್ಟಿಕೊಂಡ. ಈ ಊರಿನಲ್ಲಿ ಯಾರೂ ನೋಡಿರದ ಬೂಟಿನ ಲಾಡಿ. ಅಮ್ಮ ಮುಂದಕ್ಕೆ ಬಾಗಿದಳು. ಶೆಲ್, ಹೊಗೆ, ಹೆಲ್ಮೆಟ್ಟು. ಸಮಾಪ್ತಿ. ದೀಪ ಹತ್ತಿತು.

ಕ್ಷೌರದಂಗಡಿಯವನು ಬಾಯಿ ತೆರೆದು ಮುಚ್ಚಿದ. ಪ್ರೊಫೆಸರರು ವೇದಿಕೆ ಹತ್ತಿ, "ಈಗ ಗೊತ್ತಾಯ್ತಲ್ಲ, ಯಾಕೆ ಇದು ಶ್ರೇಷ್ಠ ಅಂತ?" ಎಂದರು. ಜನ ಎದ್ದರು. ಅಮ್ಮ ಮಾತ್ರ ಏಳಲಿಲ್ಲ. ನಮ್ಮ ಸಾಲಿನಿಂದ ಹೊರಟವರಿಗೆ ಕಾಲು ಸರಿಸಿ ದಾರಿ ಕೊಡಲೂ ಇಲ್ಲ.

"ಕೂತ್ಕೊಳ್ರೀ, ಇನ್ನೂ ಇದೆ," ಎಂದಳು ಅವರಿಗೆ. "ಮೊದಲ ದಿನಾನೂ ಹೀಗೇ ಆಗಿತ್ತು. ಸಮಾಪ್ತಿ ಅಂತ ಬಂದು, ಆಮೇಲೆ ಬಂದ."

ಹಾಲ್ ಖಾಲಿಯಾಯಿತು. ಅಮ್ಮ ಶಾಲು ಹೊದ್ದು ಖಾಲಿ ಪರದೆ ನೋಡುತ್ತಿದ್ದಳು. ಐದು ನಿಮಿಷವಾಯಿತು. ಮಾವ ಎದ್ದು ಅವಳ ಮುಂದೆ, ಎರಡು ಸಾಲಿನ ನಡುವಿನ ಇಕ್ಕಟ್ಟಿನಲ್ಲಿ, ನೆಲದ ಮೇಲೆ ಕೂತುಬಿಟ್ಟ.

"ಇನ್ನಿಲ್ಲ ಅಕ್ಕ. ಇಷ್ಟೇ ಇದ್ದದ್ದು. ಅವತ್ತು ನಾನು ರೀಲು ತಪ್ಪು ಹಾಕ್ದೆ."

"ಒಂದಿನ ತಪ್ಪು ಹಾಕಿರ್ತೀಯ. ನಾನು ದಿನಾ ಬಂದೆನಲ್ಲ."

"ದಿನಾ ಹಾಕ್ದೆ. ನೀನು ಬರ್ತಿದ್ದೆ, ಅದಕ್ಕೇ ಹಾಕ್ದೆ."

ಅಮ್ಮ ಅವನನ್ನು ನೋಡಿದಳು. ಸಿಟ್ಟು ಬರುತ್ತದೆ, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿ ಎಂದೂ ಅನ್ನಿಸಿತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೋರ್ಡಿನ ಮೇಲಿನ ಲೆಕ್ಕ ಎಷ್ಟು ನೋಡಿದರೂ ಹತ್ತದ ಮಕ್ಕಳ ಮುಖ ಹಾಗಿರುತ್ತದೆ. ಮಾವನಿಂದ ನನ್ನ ಕಡೆ ತಿರುಗಿದಳು.

"ನಿಂಗೂ ಗೊತ್ತಿತ್ತಾ?"

"ಗುರುವಾರ ಗೊತ್ತಾಯ್ತಮ್ಮ."

"ಹಾಗಾದ್ರೆ ಈ ಸಿನಿಮಾನ ಜನ ಯಾಕೆ ಹೊಗಳ್ತಾರೆ?" ಎಂದು ಕೇಳಿದಳು. ಅವಳು ನಿಜವಾಗಿಯೂ ಉತ್ತರ ಬೇಕಾಗಿಯೇ ಕೇಳಿದಳು. "ಹೋದವನು ಬರಲ್ಲ ಅನ್ನೋದನ್ನ ತೋರಿಸೋಕೆ ಇಷ್ಟು ಕಷ್ಟಪಡಬೇಕಾ? ಅದು ಎಲ್ಲರಿಗೂ ಗೊತ್ತಿರೋದೇ ತಾನೆ?"

ಪ್ರೊಫೆಸರರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಪುಸ್ತಕ ಬರೆದವರು ಪುಸ್ತಕವನ್ನು ಕಂಕುಳಿಗೆ ಸೇರಿಸಿ ಹೊರಗೆ ಹೋದರು. ಮಾವ ತಲೆ ತಗ್ಗಿಸಿ, "ಹೊಡಿ ಅಕ್ಕ" ಎಂದ. ಅವಳು ಕೈಯನ್ನು ಎತ್ತಿದಳು, ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ ಗಾಳಿಯಲ್ಲೇ ಹಿಡಿದಳು, ಆಮೇಲೆ ಅವನ ನೆತ್ತಿಯ ಮೇಲಿಟ್ಟಳು. ಹಾಗೆ ಇಟ್ಟುಕೊಂಡೇ ಅಳತೊಡಗಿದಳು.

ಅಮ್ಮ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬರುವವರಿಗಾಗಿ ಯಾರೂ ಅಳುವುದಿಲ್ಲವಲ್ಲ. ಕಸ ಗುಡಿಸುವವಳು ಒಳಗೆ ಬಂದಳು. ಬಂದವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಯಾರು ಹೋದದ್ದು ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದಳು.

"ನಮ್ಮಪ್ಪ," ಎಂದೆ.

"ಯಾವಾಗ?"

ಗೋಡೆಯ ಗಡಿಯಾರದಲ್ಲಿ ನಾಲ್ಕೂಮುಕ್ಕಾಲಾಗಿತ್ತು.

"ಈಗ," ಎಂದೆ.